ಆಟಗಾರನ ಗದ್ದುಗೆ

ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯನ್ನು ಹಿಂಡಿ ಮಹಾಂತಮ್ಮ ಮತ್ತೊಮ್ಮೆ ಮಗನ ಎಡಗೈಗೆ ಸುತ್ತಿದಳು. ಅಂಗೈ ಮೇಲಕ್ಕೆ ತಿರುಗಿತು, ಬೆರಳುಗಳು ಮಾತ್ರ ಬಿಚ್ಚಲಿಲ್ಲ. ಉಳಿದವೆಲ್ಲ ಸಡಿಲವಾಗಿ ಬಾಗಿದ್ದರೆ ಕಿರುಬೆರಳೊಂದು ಏನನ್ನೋ ಒತ್ತಿ ಹಿಡಿದಂತೆ ಸೆಟೆದು ನಿಂತಿತ್ತು.

"ಎಳೀಬ್ಯಾಡವ್ವಾ," ಎಂದರು ಮಗ್ಗುಲಲ್ಲಿ ಕುಳಿತಿದ್ದ ಮಲ್ಲಯ್ಯನವರು. ಪೋತ್ನಾಳದಲ್ಲಿ ಯಾರು ತೀರಿಕೊಂಡರೂ ಕ್ರಿಯೆ ಮಾಡಿಸಲು ಬರುವ ಜಂಗಮರು ಅವರು. "ಕಾವು ಕೊಡಕೋಂತ ಇರು. ಲಿಂಗ ಕುಂದ್ರುವಷ್ಟು ಜಾಗ ಆದ್ರ ಸಾಕು."

ಉದಯಕುಮಾರ ಮಂಚದ ಮೇಲೆ ಗೋಡೆಗೆ ಒರಗಿ, ಚಕ್ಕಳಮಕ್ಕಳ ಹಾಕಿ ಕುಳಿತಿದ್ದ. ಬೆಳಗ್ಗೆ ಹೇಗೆ ಕುಳಿತಿದ್ದನೋ ಹಾಗೆಯೇ. ಸತ್ತವರನ್ನು ಕೂರಿಸಿ ಮಣ್ಣು ಮಾಡುವ ಜನ ಅವರು. ಮಲಗಿದಲ್ಲೇ ಸೆಟೆದುಹೋದ ದೇಹವನ್ನು ಕೂರಿಸುವಾಗ ಮೊಣಕಾಲಿನ ಕೀಲು ಲಟಕ್ಕೆನ್ನುವ ಸಪ್ಪಳವನ್ನು ಮಹಾಂತಮ್ಮ ತನ್ನ ಗಂಡನ ಸಾವಿನಲ್ಲೇ ಕೇಳಿದ್ದಳು. ಈ ಮಗ ಯಾರಿಗೂ ಆ ಕಷ್ಟ ಕೊಟ್ಟಿರಲಿಲ್ಲ. ಈಗ ತೊಂದರೆಯಾಗಿದ್ದೇ ಅದರಿಂದ.

ಹೊರಗೆ ಶಾಮಿಯಾನದ ಕೆಳಗೆ ಹಿರಿಯ ಮಗ ಬಸವಪ್ರಸಾದ ಬಂದವರಿಗೆಲ್ಲ ಹೇಳುತ್ತಿದ್ದುದು ಒಳಗೆ ಕೇಳಿಸುತ್ತಿತ್ತು. ರಾಯಚೂರಿನಲ್ಲಿ ಅಕ್ಕಿ ವ್ಯಾಪಾರ ಮಾಡುವವನು ಅವನು, ನಾಲ್ಕು ಜನರ ಮುಂದೆ ಮಾತಾಡಿ ರೂಢಿಯಿದ್ದವನು. "ಜಳಕಾ ಮಾಡಿ, ವಿಭೂತಿ ಹಚ್ಚಿಕೊಂಡು ಪೂಜಿಗೆ ಕುಂತಾನ್ರಿ. ಕುಂತಲ್ಲೇ ಲಿಂಗೈಕ್ಯ. ಲಿಂಗ ಹಿಡಿದ ಕೈ ಇನ್ನಾ ಬಿಚ್ಚವಲ್ದು. ಒಳಗ ಹೋಗಿ ನೋಡ್ಬರ್ರಿ ಬೇಕಾದ್ರ."

ಅವರು ಒಳಗೆ ಬಂದು ನೋಡಿದರು. ನಿನ್ನೆಯವರೆಗೆ ಉದಯಕುಮಾರನನ್ನು ಕಂಡರೆ ನಗುತ್ತಿದ್ದವರು ಈಗ ಮಂಚದ ಕಾಲಿಗೆ ಹಣೆ ಹಚ್ಚಿ ಹೋದರು.

"ಅಯ್ಯನೋರೆ," ಎಂದಳು ಮಹಾಂತಮ್ಮ ಸಣ್ಣ ದನಿಯಲ್ಲಿ. "ನನ್ನ ಮಗ ಪೂಜಿಗೆ ಕುಂತಿದ್ದಿಲ್ರಿ."

ಮಲ್ಲಯ್ಯನವರು ವಿಭೂತಿ ಗಟ್ಟಿಗಳನ್ನು ಬುಟ್ಟಿಗೆ ಜೋಡಿಸುತ್ತಿದ್ದರು. ಕೈ ನಿಲ್ಲಿಸಲಿಲ್ಲ. "ಕುಂತ ದೇಹ ಕುಂತದ ತಾಯಿ. ಯಾಕ ಕುಂತಿತ್ತು ಅಂತ ನಾನು ಯಾರ ಮನ್ಯಾಗೂ ಕೇಳಿಲ್ಲ."

*

ಭಾನುವಾರ ಗಿರಣಿಗೆ ರಜೆ. ಉದಯಕುಮಾರ ಅಕ್ಕಿ ಗಿರಣಿಯ ಗೇಟಿನಲ್ಲಿ ಭತ್ತದ ಲಾರಿಗಳನ್ನು ಕಾಟಾದ ಮೇಲೆ ನಿಲ್ಲಿಸಿ, ತೂಗಿ, ಚೀಟಿ ಕೊಡುವವನು. ಆರು ದಿನ ಲಾರಿ ತೂಗಿ ಏಳನೆಯ ದಿನ ಬೆಳಗ್ಗೆ ಜಳಕ ಮುಗಿಸಿ, ತಾಯಿಯ ಕಾಟಕ್ಕೆ ಮೂರು ಬೆರಳು ವಿಭೂತಿ ಎಳೆದುಕೊಂಡು, ಮಂಚದ ಮೇಲೆ ಕೂತು ಕಂಪ್ಯೂಟರಿನ ಕೀಬೋರ್ಡನ್ನು ತೊಡೆಯ ಮೇಲೆ ಇಟ್ಟುಕೊಂಡುಬಿಟ್ಟರೆ ಮಧ್ಯಾಹ್ನದ ಊಟದ ತನಕ ಅವನಿಗೆ ಲೋಕ ಬೇಡ. ಆ ದಿನ ಬೆಳಗ್ಗೆ ಹೆಂಡತಿ ಕಾವ್ಯಾ ಮಾನ್ವಿಗೆ, ತನ್ನ ಅಕ್ಕನ ಮನೆಗೆ ಹೋಗಿದ್ದಳು.

ಮಹಾಂತಮ್ಮ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಅವಳ ಕೈಸಪ್ಪಳದ ನಡುವೆ ಅವನ ಗುಂಡಿಗಳ ಸಪ್ಪಳ. ಯಾವ ಆಟ ಎಂಬುದು ಅವಳಿಗೆ ನೋಡದೆಯೇ ತಿಳಿಯುತ್ತಿತ್ತು. ಕಬ್ಬಿಣದ ಬಾಗಿಲು ಕಿರಕಿರ ಎನ್ನುತ್ತ ಮೇಲೇರಿತು, ಓಡುವ ಹೆಜ್ಜೆ ಕೇಳಿಸಿತು. ಅದು ಕತ್ತಿ ಹುಡುಗನ ಆಟ. ನೆಲಮಾಳಿಗೆಯಲ್ಲಿ ಸಿಕ್ಕಿಕೊಂಡ ಹುಡುಗ ಗೋಡೆ ಹತ್ತಿ, ಮೊಳೆಗಳ ಮೇಲೆ ಜಿಗಿದು, ಮರಳಿನ ಗಡಿಯಾರ ಮುಗಿಯುವುದರೊಳಗೆ ರಾಜಕುಮಾರಿಯ ಕೋಣೆ ಮುಟ್ಟಬೇಕು. ಆಮೇಲೆ ಗುಂಡಿಗಳ ಸಪ್ಪಳ ನಿಂತಿತು. ನಿದ್ದೆ ಹತ್ತಿರಬೇಕು ಎಂದುಕೊಂಡು ಅವಳು ಹೆಂಚಿನ ಮೇಲಿನ ರೊಟ್ಟಿ ತಿರುವಿದಳು. ಸ್ವಲ್ಪ ಹೊತ್ತಿಗೆ ಕರೆಂಟೂ ಹೋಯಿತು.

ಚಹಾ ಹಿಡಿದು ಬಂದಾಗ ಪರದೆ ಕಪ್ಪಾಗಿತ್ತು. ಅವನ ತಲೆ ಗೋಡೆಗೆ ಒರಗಿತ್ತು, ಕಣ್ಣು ಅರ್ಧ ಮುಚ್ಚಿದ್ದವು. ಕೀಬೋರ್ಡು ಜಾರಿ ಬಿದ್ದೀತೆಂದು ಅವಳು ಅದನ್ನು ಎತ್ತಿ ಪಕ್ಕಕ್ಕೆ ಇಟ್ಟಳು. ಅವನ ಕೈಗಳು ಅದರ ಜೊತೆಗೆ ಒಂದಿಷ್ಟು ಮೇಲೆದ್ದು ಮತ್ತೆ ತೊಡೆಯ ಮೇಲೆ ಬಿದ್ದವು. ಆಗ ಅವಳಿಗೆ ತಿಳಿಯಿತು.

ಕೂಗು ಕೇಳಿ ಮೊದಲು ಓಡಿಬಂದವಳು ಪಕ್ಕದ ಮನೆಯ ರೇಣುಕಮ್ಮ. ಹೊಸ್ತಿಲಲ್ಲೇ ನಿಂತು ನೋಡಿದಳು. ಹಣೆಯ ಮೇಲೆ ವಿಭೂತಿ, ಕೊರಳಲ್ಲಿ ಲಿಂಗ, ತೊಡೆಯ ಮೇಲೆ ಕೈ. ಅಳುವುದಕ್ಕೂ ಮೊದಲು ಅವಳು ಕೈ ಮುಗಿದಳು.

"ಯವ್ವಾ, ಪೂಜಿಗೆ ಕುಂತಂಗೇ ಹೋಗ್ಯಾನಲ್ಲೇ."

ಮಹಾಂತಮ್ಮ ಮಗನ ಕೆನ್ನೆ ತಟ್ಟಿ ಹೆಸರು ಹಿಡಿದು ಕರೆಯುತ್ತಲೇ ಇದ್ದಳು, ಆ ಮಾತನ್ನು ತಿದ್ದಲಿಲ್ಲ. ಬಸವಪ್ರಸಾದನ ಕಾರು ರಾಯಚೂರಿನಿಂದ ಬರುವ ಹೊತ್ತಿಗೆ ರೇಣುಕಮ್ಮನ ಮಾತು ಮಾನ್ವಿಯನ್ನೂ ದಾಟಿ ಹೋಗಿತ್ತು.

*

ಬಸವಪ್ರಸಾದ ಬಂದವನೇ ತಮ್ಮನ ಮುಖ ನೋಡಿ ಅತ್ತ. ಸುಳ್ಳು ಅಳುವಲ್ಲ. ಅತ್ತು ಮುಗಿದ ಮೇಲೆ ಕೋಣೆಯನ್ನು ಸುತ್ತ ನೋಡಿದ. ಕಂಪ್ಯೂಟರು, ಗೋಡೆಗೆ ಜೋಡಿಸಿಟ್ಟ ಹಳೆಯ ಸಿ.ಡಿ.ಗಳು, ಫ್ಲಾಪಿಗಳು, ಮಂಚದ ಕೆಳಗಿನ ವೈರುಗಳು. ಇಬ್ಬರು ಆಳುಗಳನ್ನು ಕರೆದು ಎಲ್ಲವನ್ನೂ ಹಿತ್ತಲಿಗೆ ಹೊರಿಸಿ ಮೇಲೆ ಖಾಲಿ ಗೋಣಿಚೀಲ ಮುಚ್ಚಿಸಿದ. ಪರದೆಯಿದ್ದ ಮೇಜಿನ ಮೇಲೆ ಬಿಲ್ವಪತ್ರೆಯ ತಟ್ಟೆ ಬಂದು ಕೂತಿತು.

ಮಹಾಂತಮ್ಮ ಅವನನ್ನು ಅಡುಗೆಮನೆಗೆ ಕರೆದಳು.

"ಬಸವಾ, ಹಂಗ ಹೇಳಬ್ಯಾಡ. ಅಂವ ಆಟ ಆಡಾಕತ್ತಿದ್ದ."

"ನನಗೂ ಗೊತ್ತದ ಬೇ. ತಲಿ ಬೆಳ್ಳಗಾಗಾಕತ್ತಿದ ಮನಶಾ ಸಣ್ಣ ಹುಡುಗರಂಗ ಆಟ ಆಡಿಕೋಂತ ಸತ್ತ ಅಂತ ಹೇಳ್ಲೇನು? ಮಣ್ಣಿಗೆ ಬಂದವ್ರು ನಕ್ಕು ಹೋಗ್ಬೇಕೇನು?"

"ನಗಲಿ. ಅಂವ ನಗೂದಕ್ಕ ಅಂಜಿದವನಲ್ಲ."

"ಅಂಜಿದವ್ರು ನಾವು," ಎಂದ ಬಸವಪ್ರಸಾದ. ಹೊರಗೆ ಯಾರೋ ಕರೆದರು, ಹೋದ.

ಒಲೆಯ ಮಗ್ಗುಲಲ್ಲಿ ಕೂತಿದ್ದ ಕಾವ್ಯಾ ಆಗ ತಲೆಯೆತ್ತಿದಳು. ಅತ್ತು ಅತ್ತು ಅವಳ ದನಿ ಒಡೆದಿತ್ತು.

"ಅತ್ತಿ, ಬಿಡ್ರಿ. ಮದುವಿ ಆದಾಗಿಂದ ಎಲ್ಲಾರು ನನ್ನ ಕೇಳ್ಯಾರ. ನಿನ್ನ ಗಂಡ ಇನ್ನಾ ಆಟ ಆಡ್ತಾನೇನು ಅಂತ. ಸಂತ್ಯಾಗ ಕೇಳ್ಯಾರ, ತವರುಮನ್ಯಾಗ ಊಟಕ್ಕ ಕುಂತಾಗ ಕೇಳ್ಯಾರ. ಇವತ್ತು ಮದಲನೇ ಸಲ ಅವರಿಗೆ ಕೈ ಮುಗಿಯಾಕತ್ತಾರ. ಇರ್ಲಿ ಬಿಡ್ರಿ."

"ಅವಗ ಮುಗಿಯಾಕತ್ತಿಲ್ಲವ್ವಾ. ಬ್ಯಾರೆ ಯಾರಿಗೋ ಮುಗಿಯಾಕತ್ತಾರ. ನಿನ್ನ ಗಂಡನ್ನ ಹಿತ್ತಲದಾಗ ಗೋಣಿಚೀಲ ಮುಚ್ಚಿ ಇಟ್ಟಾರ."

ಮಹಾಂತಮ್ಮನಿಗೆ ಸೊಸೆಯ ಮೇಲೆ ಸಿಟ್ಟು ಬರಲಿಲ್ಲ. ಅವಳು ಕೇಳಿದ್ದು ಹೆಚ್ಚಿನದೇನಲ್ಲ. ಆದರೆ ಈ ಸುಳ್ಳು ಮಗನ ಜೊತೆಗೆ ಮಣ್ಣಿಗೆ ಇಳಿದರೆ, ಇಷ್ಟು ವರ್ಷ ಈ ಗೋಡೆಯ ಆಚೆ ಕೂತು ತನ್ನ ಜೊತೆ ಮಾತಾಡಿದವನು ಹುಟ್ಟೇ ಇರಲಿಲ್ಲ ಎಂದಂತಾಗುತ್ತದೆ. ಅವನು ಬದುಕಿದ್ದುದಕ್ಕೆ ಸಾಕ್ಷಿಯಾಗಿ ಉಳಿದವಳು ತಾನೊಬ್ಬಳೇ.

*

ಮಹಾಂತಮ್ಮ ಎರಡನೆಯ ಇಯತ್ತೆಗೆ ಶಾಲೆ ಬಿಟ್ಟವಳು. ಆಟಗಳಿಗೆಲ್ಲ ಅವಳದೇ ಹೆಸರು. ಕತ್ತಿ ಹುಡುಗನ ಆಟ, ಟ್ಯಾಂಕಿನ ಆಟ, ಇಟ್ಟಂಗಿ ಬೀಳುವ ಆಟ, ಬಾಂಬಿನ ಚೌಕದ ಆಟ. ಉದಯಕುಮಾರ ಇವನ್ನೆಲ್ಲ ಕಲಿತಿದ್ದು ರಾಯಚೂರಿನ ಸ್ಟೇಷನ್ ರಸ್ತೆಯ ಒಂದು ಕಂಪ್ಯೂಟರ್ ತರಗತಿಯಲ್ಲಿ. ಪಾಠ ಮುಗಿದ ಮೇಲೆ ಮಾಸ್ತರು ಹುಡುಗರನ್ನು ಆಡಲು ಬಿಡುತ್ತಿದ್ದರು. ಮುಂದೆ ಆ ತರಗತಿ ಮುಚ್ಚಿತು. ಅಲ್ಲಿ ಎಸೆಯಲು ಇಟ್ಟಿದ್ದ ಒಂದು ಕಂಪ್ಯೂಟರನ್ನು ಕೌದಿಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲೆ ಕೂಸಿನ ಹಾಗೆ ಇಟ್ಟುಕೊಂಡು ಊರಿಗೆ ತಂದ. ಅದು ಕೆಟ್ಟ ಮೇಲೆ ಬೇರೆ ಯಂತ್ರಗಳು ಬಂದವು. ಆಟಗಳು ಮಾತ್ರ ಅವೇ.

ಊರಿಗೆಲ್ಲ ಅವನು ಮಾತೇ ಬಾರದವನು. ಆಟದ ವಿಷಯ ಬಂದರೆ ಅವನಷ್ಟು ಮಾತುಗಾರ ಇನ್ನೊಬ್ಬನಿಲ್ಲ ಎಂಬುದು ರೊಟ್ಟಿ ಬಡಿಯುತ್ತ ಕೇಳುವ ತಾಯಿಗೆ ಗೊತ್ತಿತ್ತು.

"ಮತ್ತ ಸತ್ನೇನೋ ಆ ಹುಡುಗ?"

"ಸತ್ತ. ತಪ್ಪು ನಂದು, ಅವಂದಲ್ಲ."

"ಹೊಸಾದು ಆಡಬಾರದೇನು? ಬಸವನ ಮಗ ಮೊಬೈಲಿನ್ಯಾಗ ಎಂಥಾ ಬಣ್ಣದ ಆಟ ಆಡ್ತಾನ."

"ಅದರಾಗ ಸತ್ತವನ್ನ ಸತ್ತಲ್ಲೇ ಎಬ್ಬಿಸಿ ನಿಂದ್ರಸ್ತಾರ ಯವ್ವಾ. ಏನೂ ಆಗೇ ಇಲ್ಲ ಅನ್ನೂವಂಗ. ಇದರಾಗ ಹಂಗಿಲ್ಲ, ತಪ್ಪಿದಿ, ಮದಲಿಂದ ಬಾ ಅಂತದ. ನಮ್ಮ ತಪ್ಪಿಗೊಂದು ಮರ್ಯಾದಿ ಕೊಡ್ತದ."

ಕತ್ತಿ ಹುಡುಗನ ಮೇಲೆ ಅವನಿಗೆ ಹೆಚ್ಚಿನ ಮೋಹ. ಒಮ್ಮೆ ತಾಯಿಯನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡು ತೋರಿಸಿದ. "ನೋಡು, ಓಡಾಕತ್ತವ ಒಮ್ಮಿಗೇ ನಿಂದ್ರಾಂಗಿಲ್ಲ. ಇನ್ನೊಂದು ಹೆಜ್ಜಿ ಜಾರ್ತಾನ. ಮೈಗೆ ತೂಕ ಅದ. ಬ್ಯಾರೆ ಆಟದಾಗಿನವ್ರು ಹಾಳಿಯಂಗ ಹಾರ್ತಾರ. ಇದನ್ನ ಮಾಡಿದವಗ ಮನಶಾ ಹೆಂಗ ಓಡ್ತಾನ ಅನ್ನೂದು ಗೊತ್ತಿತ್ತು." ಹಗಲೆಲ್ಲ ಲಾರಿ ತೂಗುವವನು ಮನೆಗೆ ಬಂದು ಗೊಂಬೆಯ ತೂಕ ನೋಡುತ್ತಾನಲ್ಲ ಎಂದು ಅವಳು ನಕ್ಕಿದ್ದಳು. ಅವನೂ ನಕ್ಕಿದ್ದ.

ಅಂಕಿ ನೋಡಿ ಬಾಂಬಿಲ್ಲದ ಚೌಕ ಬಿಚ್ಚುತ್ತ ಹೋಗುವ ಬಾಂಬಿನ ಚೌಕದ ಆಟ ಅವನಿಗೆ ಸೇರುತ್ತಿರಲಿಲ್ಲ. "ಅಷ್ಟು ಹೊತ್ತು ಲೆಕ್ಕಾ ಮಾಡಿಸಿ ಕೊನೀಗೆ ಎರಡು ಮನಿ ಉಳಸ್ತದ. ಬಾಂಬು ಯಾವುದರಾಗ ಅದ ಅಂತ ಯಾವ ಬುದ್ಧಿಗೂ ತಿಳಿಯಾಂಗಿಲ್ಲ. ನಸೀಬೇ ಕೇಳೂದಿದ್ರ ಮದಲೇ ಕೇಳ್ಬೇಕು, ಬುದ್ಧಿ ಯಾಕ ಖರ್ಚು ಮಾಡಸ್ಬೇಕು?" ಇಸ್ಪೀಟಿನ ಎಲೆ ಜೋಡಿಸುವ ಆಟದ ಮೇಲೆ ಮಾತ್ರ ಆ ಸಿಟ್ಟಿರಲಿಲ್ಲ. ಅಲ್ಲೂ ಕೆಲವು ಸಲ ಎಲೆ ಹಂಚಿದಾಗಲೇ ಸೋತಿರುತ್ತೇವಂತೆ. "ಆದ್ರ ಅದು ಆಟಕ್ಕೂ ಗೊತ್ತಿರಾಂಗಿಲ್ಲ ಯವ್ವಾ. ನನ್ನಂಗ ಅದೂ ಕಣ್ಣು ಕಟ್ಟಿಕೊಂಡೇ ಕುಂತಿರ್ತದ. ಅದಕ್ಕ ಎಲಿ ಮ್ಯಾಲ ಸಿಟ್ಟಿಲ್ಲ."

ಇಟ್ಟಂಗಿ ಬೀಳುವ ಆಟವನ್ನು ಅವಳಿಗೇ ಕಲಿಸಿದ್ದ. ಸಗಣಿಯ ಕುಳ್ಳು ಒಟ್ಟಿದ ಕೈ ಅವಳದು, ಬೀಳುವ ಇಟ್ಟಂಗಿಗಳನ್ನು ಸಂದಿಯಿಲ್ಲದೆ ಜೋಡಿಸುತ್ತಿದ್ದಳು. "ಚೊಲೋ ಕಟ್ಟತಿ, ಆದ್ರ ಉದ್ದಂದು ಬರಲಿ ಅಂತ ಬಾಳ ಹಾದಿ ನೋಡ್ತಿ. ಅದು ಬರೂದ್ರಾಗ ಮುಳುಗಿರ್ತಿ," ಎಂದು ಬೈಯುತ್ತಿದ್ದ.

*

ಮಧ್ಯಾಹ್ನಕ್ಕೆ ಜನ ಹೆಚ್ಚಾದರು. ಶಾಮಿಯಾನದ ಕೆಳಗೆ ಗಿರಣಿಯ ಹಮಾಲಿ ಸುಂಕಪ್ಪ ಮಾತಿಗೆ ಕೂತಿದ್ದ.

"ನಾ ಅವತ್ತೇ ಅಂದಿದ್ದೆ. ಲಾರಿ ಕಾಟಾದ ಮ್ಯಾಲ ಬಂದು ನಿಂತ್ರೂ ಈ ಮನಶಾ ಎಲ್ಲೋ ನೋಡ್ತಿದ್ದ. ಧ್ಯಾನ ಅದು."

"ಅವಾಗ ನೀ ಬ್ಯಾರೇನ ಅಂತಿದ್ದಿ ಬಿಡಪಾ," ಎಂದ ಇನ್ನೊಬ್ಬ ಹಮಾಲಿ.

"ಏನಂತಿದ್ದೆ?"

"ಮಬ್ಬ ಅಂತಿದ್ದಿ."

"ಸಾಧುಗಳು ಹಂಗೇ ಕಾಣ್ತಾರಲೇ ಮದಲಿಗೆ," ಎಂದು ಸುಂಕಪ್ಪ ಬೀಡಿ ಹಚ್ಚಿದ.

ಆ ಹೊತ್ತಿಗೆ ಸಿದ್ರಾಮ ಬಂದ. ದೇವದುರ್ಗ ತಾಲ್ಲೂಕಿನ ಗೂಗಲ್ ಎಂಬ ಹಳ್ಳಿಯವನು, ಹೊಳೆಯ ದಂಡೆಯಲ್ಲಿ ಪಂಪು ರಿಪೇರಿ ಮಾಡುವವನು. ರಾಯಚೂರಿನ ಆ ತರಗತಿಯಲ್ಲಿ ಉದಯಕುಮಾರನ ಜೊತೆ ಒಂದೇ ಬೆಂಚಿನ ಮೇಲೆ, ಒಂದೇ ಕೀಬೋರ್ಡಿನ ಆ ತುದಿ ಈ ತುದಿ ಹಂಚಿಕೊಂಡು ಟ್ಯಾಂಕಿನ ಆಟ ಆಡಿದವನು. ಬಸ್ಸು ಬದಲಿಸಿ ಬದಲಿಸಿ ಬಂದಿದ್ದ. ಅಂಗಿಯ ತೋಳಿಗೆ ಗ್ರೀಸಿನ ಕಲೆ ಹಾಗೆಯೇ ಇತ್ತು.

ಮಂಚದ ಮುಂದೆ ನಿಂತು ಅವನು ಮುಖ ನೋಡಲಿಲ್ಲ, ಕೈ ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ಮಹಾಂತಮ್ಮನ ಪಕ್ಕ ಕುಕ್ಕರುಗಾಲಲ್ಲಿ ಕೂತು ಕಿವಿಯ ಹತ್ತಿರ ಬಂದ.

"ಯವ್ವಾ, ಇಂವ ಆಡಾಕತ್ತಿದ್ದ."

ಅವಳು ಅವನ ಕಡೆ ತಿರುಗಿದಳು. "ನಿನಗ ಯಾರು ಹೇಳಿದ್ರಪ್ಪಾ?"

"ಯಾರು ಹೇಳ್ಬೇಕು? ಕಿರುಬೆರಳು ನೋಡ್ರಿ. ಕತ್ತಿ ಹುಡುಗಂದಲ್ಲ?"

"ಹೂಂ. ಅದೇ."

"ಹುಡುಗ ಅಂಚಿಗೆ ಜೋತು ಬಿದ್ದಿರ್ತಾನ್ರಿ. ಕೆಳಗ ಮೊಳಿ ಇರ್ತಾವ. ಈ ಬೆರಳಿನ ಕೆಳಗಿನ ಗುಂಡಿ ಒತ್ತಿ ಹಿಡಿದಷ್ಟು ಹೊತ್ತು ಜೋತಿರ್ತಾನ. ಬಿಟ್ರ ಬೀಳ್ತಾನ." ಸಿದ್ರಾಮ ಆ ಕಿರುಬೆರಳನ್ನು ಮುಟ್ಟಿದ. "ಬಿಟ್ಟಿಲ್ಲ ನೋಡ್ರಿ ಮಗಾ."

ಅಷ್ಟರವರೆಗೆ ಒಂದು ಹನಿ ಹಾಕದಿದ್ದ ಮಹಾಂತಮ್ಮ ಆಗ ಅತ್ತಳು. ನೋಡಿದವರು, ಪಾಪ, ಮಗನ ಯೋಗ ನೆನೆದು ಅಳುತ್ತಾಳೆ ಎಂದರು.

"ನಾನು ಹೇಳ್ತೀನಿ ಸಿದ್ರಾಮ. ಮಣ್ಣು ಹಾಕೂದ್ರಾಗ ಎಲ್ಲಾರ ಮುಂದ ಹೇಳ್ತೀನಿ."

"ಹೇಳ್ರಿ," ಎಂದ ಅವನು. "ನಾ ಬಗಲಾಗ ನಿಂದ್ರತೀನಿ."

*

ಹೂವಿನ ವಿಮಾನದಲ್ಲಿ ಕೂತು ಉದಯಕುಮಾರ ಹೊಲದ ಬದುವಿನವರೆಗೆ ಹೋದ. ಹಿಂದೆ ಭಜನೆಯವರು, ಮುಂದೆ ಹಲಗೆ ಬಡಿಯುವವರು. ದಾರಿಯ ಎರಡೂ ಕಡೆ ಕಲ್ಲೂರಿನಿಂದ, ಮಾನ್ವಿಯಿಂದ ಬಂದ ಗುರುತಿಲ್ಲದ ಜನ ನಿಂತಿದ್ದರು. ಬಂದವರೆಲ್ಲ ಕಾಯಿ, ಊದುಬತ್ತಿ ತಂದಿದ್ದರು. ಸಾವಿಗಲ್ಲ, ದೇವರ ಜಾತ್ರೆಗೆ ಬಂದವರ ಹಾಗೆ.

ಮಲ್ಲಯ್ಯನವರು ಕುಣಿಗೆ ಇಳಿದರು. ಪಕ್ಕದ ಗೋಡೆಯಲ್ಲಿ ಕೊರೆದಿದ್ದ ಗೂಡಿನೊಳಗೆ ದೇಹವನ್ನು ಕೂರಿಸಿದರು. ಎಡಗೈಯಲ್ಲಿ ಲಿಂಗ ನಿಲ್ಲಲಿಲ್ಲ, ಎರಡು ಸಲ ಜಾರಿತು. ಮೂರನೆಯ ಸಲ ಬಿಲ್ವಪತ್ರೆಯನ್ನು ತುರುಕಿ ಅದರ ಮೇಲೆ ಇಟ್ಟರು. ವಿಭೂತಿ ಗಟ್ಟಿಗಳು ಸೊಂಟದವರೆಗೆ ಏರಿದವು.

ಬಸವಪ್ರಸಾದ ಮೈಕು ಹಿಡಿದಿದ್ದ. "ಇಲ್ಲೇ ಗದ್ದುಗಿ ಕಟ್ಟಸ್ತೀವ್ರಿ. ವರ್ಷಾ ಇದೇ ದಿವಸ ಪ್ರಸಾದ ಇರ್ತದ. ನಮ್ಮ ತಮ್ಮನ ಯೋಗ ನಮಗೇ ತಿಳೀಲಿಲ್ಲ—"

"ಅಯ್ಯನೋರೆ," ಎಂದಳು ಮಹಾಂತಮ್ಮ ಕುಣಿಯ ಅಂಚಿನಿಂದ. "ಮಣ್ಣು ಹಾಕೂ ಮುಂದ ನಂದೊಂದು ಮಾತು."

ಮಲ್ಲಯ್ಯನವರು ಕೈಯೆತ್ತಿದರು. ಹಲಗೆ ನಿಂತಿತು.

"ನನ್ನ ಮಗ ಪೂಜಿಗೆ ಕುಂತಿದ್ದಿಲ್ಲ. ಕಂಪ್ಯೂಟರಿನ್ಯಾಗ ಆಟ ಆಡಾಕತ್ತಿದ್ದ. ಹಳೇ ಆಟ. ಅದರಾಗೊಬ್ಬ ಹುಡುಗ ಬರ್ತಾನ, ಅವಗ ತೂಕ ಅದ ಅಂತಿದ್ದ. ಸಣ್ಣಾವ ಇದ್ದಾಗಿಂದ ಅದನ್ನೇ ಆಡ್ಯಾನ, ಅದರ ಬಗ್ಗೇನ ವಿಚಾರ ಮಾಡ್ಯಾನ. ಸಾಧು ಅಲ್ಲ ಅಂವ. ಆಟ ಅಂದ್ರ ಜೀವ ಬಿಡ್ತಿದ್ದ. ಇದು ನಿಮಗ ಗೊತ್ತಿರ್ಲಿ."

ಸಿದ್ರಾಮ ಅವಳ ಮೊಣಕೈ ಹಿಡಿದು, "ಖರೇ ಅದ. ನಾನೂ ಆಡೀನಿ ಅವನ ಜೋಡಿ," ಎಂದ.

ಯಾರೂ ನಗಲಿಲ್ಲ. ನಕ್ಕಿದ್ದರೆ ಅವಳಿಗೆ ಸಮಾಧಾನವಾಗುತ್ತಿತ್ತೇನೋ. ಬಸವಪ್ರಸಾದ ಮೈಕನ್ನು ಕೆಳಗಿಳಿಸಿ ಬೇರೆ ಕಡೆ ನೋಡಿದ. ಕಾವ್ಯಾ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ರೇಣುಕಮ್ಮ ಪಕ್ಕದವಳಿಗೆ ಹೇಳಿದ್ದು ಎಲ್ಲರಿಗೂ ಕೇಳಿಸಿತು.

"ಹಡೆದ ಹೊಟ್ಟಿ ಅಲ್ಲೇನು. ಎಷ್ಟು ದೊಡ್ಡವ ಆದ್ರೂ ಆಕಿಗೆ ಆಡೂ ಕೂಸೇ ಕಾಣ್ತಾನ."

"ಹೌದು, ಹೌದು," ಎಂದರು ಸುತ್ತಲಿನವರು. ಕೆಲವರು ಕಣ್ಣೊರೆಸಿಕೊಂಡರು. ಹಲಗೆ ಮತ್ತೆ ಶುರುವಾಯಿತು. ಮೊದಲ ಹಿಡಿ ಮಣ್ಣು ಬಿತ್ತು.

ಕುಣಿ ತುಂಬಿ, ಮೇಲೆ ಗುಡ್ಡೆ ಏರಿದ ಮೇಲೆ ಜನ ಕರಗಬೇಕಿತ್ತು. ಕರಗಲಿಲ್ಲ. ಹೆಂಗಸರು ಕಾವ್ಯಾಳ ಕಾಲಿಗೆ ಬಾಗಿದರು. ಅವಳು ಪಾದಗಳನ್ನು ಸೀರೆಯೊಳಗೆ ಎಳೆದುಕೊಂಡಳು. ಅವರು ಸೀರೆಯ ಅಂಚನ್ನೇ ಮುಟ್ಟಿ ಕಣ್ಣಿಗೆ ಒತ್ತಿಕೊಂಡರು.

ಕಲ್ಲೂರಿನ ಒಬ್ಬ ಹೆಂಗಸು ಕಂಕುಳಲ್ಲಿ ಹೆಣ್ಣು ಕೂಸನ್ನು ಎತ್ತಿಕೊಂಡು ಮಹಾಂತಮ್ಮನ ಮುಂದೆ ಬಂದು ನಿಂತಳು. ಕೂಸಿನ ಕತ್ತು ಒಂದು ಕಡೆ ವಾಲಿತ್ತು, ಬಾಯಿಂದ ಜೊಲ್ಲು ಸುರಿಯುತ್ತಿತ್ತು.

"ಯವ್ವಾ, ಫಿಟ್ಸ್ ಬರ್ತಾವ ಇದಕ್ಕ. ಹಡೆದಾಕಿ ನೀನು. ನಿನ್ನ ಕೈಲೇ ಒಂದು ಚಿಟಿಕಿ ಮಣ್ಣು ಹಚ್ಚು."

"ನಾ ಹೇಳಿದ್ದು ಕೇಳಲಿಲ್ಲೇನವ್ವಾ? ಅಂವ ಆಟ ಆಡಾಕತ್ತಿದ್ದ. ಈ ಮಣ್ಣಾಗ ಏನೂ ಇಲ್ಲ. ಕೂಸಿನ್ನ ದವಾಖಾನಿಗೆ ಒಯ್ಯಿ."

"ಒಯ್ದೀನವ್ವಾ. ಮಾನ್ವಿಗೂ ಒಯ್ದೀನಿ, ರಾಯಚೂರಿಗೂ ಒಯ್ದೀನಿ."

ಮಹಾಂತಮ್ಮ ಸೆರಗಿನ ತುದಿಯಿಂದ ಕೂಸಿನ ಜೊಲ್ಲು ಒರೆಸಿದಳು, ಮಣ್ಣು ಮುಟ್ಟಲಿಲ್ಲ. ಆ ಹೆಂಗಸು ತಾನೇ ಬಗ್ಗಿ, ಗುಡ್ಡೆಯಿಂದ ಮಣ್ಣು ಚಿವುಟಿ ಕೂಸಿನ ನಾಲಿಗೆಯ ಮೇಲೆ ಇಟ್ಟಳು. ಕೂಸು ಮುಖ ಹಿಂಡಿತು, ಆದರೂ ನುಂಗಿತು.

ಅವಳ ಹಿಂದಿನವಳು ಬಗ್ಗಿದಳು. ಅವಳ ಹಿಂದೆ ಒಬ್ಬ ಮುದುಕ. ಮಹಾಂತಮ್ಮ ಒಬ್ಬೊಬ್ಬರಿಗೂ ಹೇಳಿದಳು. ಆಟ ಆಡಾಕತ್ತಿದ್ದ, ಹಳೇ ಆಟ, ಅದರಾಗೊಬ್ಬ ಹುಡುಗ ಇರ್ತಾನ. ಅವರು ಒಬ್ಬೊಬ್ಬರೂ ಹೂಂ ಎಂದು ಕೇಳಿಸಿಕೊಂಡರು, ಕೈ ಮುಗಿದರು, ಮಣ್ಣು ತೆಗೆದುಕೊಂಡು ಸೆರಗಿಗೆ, ವಸ್ತ್ರದ ತುದಿಗೆ ಗಂಟು ಹಾಕಿಕೊಂಡರು.

ಗುಡ್ಡೆ ತಗ್ಗುತ್ತ ಬಂತು. ಸಿದ್ರಾಮ ಸಲಿಕೆ ಹಿಡಿದು ಸುತ್ತಲಿನ ಹೊಲದ ಮಣ್ಣನ್ನು ಎಳೆದೆಳೆದು ಹಾಕಿದ. ಅವನು ಹಾಕಿದಷ್ಟೂ ಹೋಯಿತು. "ಸಾಕ್ರಿ, ಹಿಂದ ಸರೀರಿ," ಎಂದು ಅಡ್ಡ ನಿಂತ. ಅವನ ಮಗ್ಗುಲಿನಿಂದ ಬಗ್ಗಿದರು. ಕೊನೆಗೆ ಅವನು ಹೆಗಲ ಮೇಲಿನ ಟವೆಲು ತೆಗೆದು ಗುಡ್ಡೆಯ ಮೇಲೆ ಹಾಸಿ, ನಾಲ್ಕೂ ಮೂಲೆಗೆ ಕಲ್ಲು ಹೇರಿದ.

ಸ್ವಲ್ಪ ಹೊತ್ತು ಯಾರೂ ಮುಂದೆ ಬರಲಿಲ್ಲ. ಆಮೇಲೆ ಒಂದು ಕೈ ಟವೆಲಿನ ಅಂಚನ್ನು ಮೆಲ್ಲಗೆ ಎತ್ತಿ ಒಳಗೆ ಹೋಯಿತು. ಇನ್ನೊಂದು ಕಡೆಯಿಂದ ಇನ್ನೊಂದು ಕೈ. ಬಳೆಯ ಕೈ, ಬೀಡಿಯ ಕಲೆಯ ಕೈ, ಸುಕ್ಕುಗಟ್ಟಿದ ಕೈ. ಒಂದೊಂದೇ ಕೈ ಒಳಗೆ ಹೋಗಿ ಮುಷ್ಟಿ ಕಟ್ಟಿಕೊಂಡು ಹೊರಗೆ ಬರುತ್ತಿತ್ತು. ನಡುವೆ ಟವೆಲು ಸದ್ದಿಲ್ಲದೆ ಕೆಳಕ್ಕೆ ಇಳಿಯುತ್ತಿತ್ತು.